ಸಹಾಯ ಬೇಕು: ಗಾಲ್ಫ್ ಹ್ಯಾಂಡಿಕ್ಯಾಪ್ ಲೆಕ್ಕದಲ್ಲಿ ಒಂದು ಅಂಕದ ವ್ಯತ್ಯಾಸ

ಗುಂಪಿನ ಹಿರಿಯರಿಗೆ ನಮಸ್ಕಾರ. ಧಾರವಾಡದ ನಮ್ಮ ಓಣಿಯಲ್ಲಿ ಗಾಲ್ಫ್ ಎಂದರೆ ನಗುವವರೇ ಹೆಚ್ಚು, ಆದ್ದರಿಂದ ಆಟಗಾರನ ಮಟ್ಟ ತೋರಿಸುವ, ಕಡಿಮೆಯಿದ್ದಷ್ಟೂ ಒಳ್ಳೆಯದಾದ ಈ ಹ್ಯಾಂಡಿಕ್ಯಾಪ್ ಅಂಕದ ಬಗ್ಗೆ ಇಲ್ಲಿ ಕೇಳುತ್ತಿದ್ದೇನೆ.

ಕಳೆದ ತಿಂಗಳು ಬೆಂಗಳೂರಿನ ಸ್ಪರ್ಧೆಯೊಂದರಲ್ಲಿ, ಕೋರ್ಸ್ ರೇಟಿಂಗ್ (ನುರಿತ ಆಟಗಾರನಿಗೆ ಬೇಕಾಗುವ ಅಂದಾಜು ಹೊಡೆತಗಳು) 71.2 ಮತ್ತು ಸ್ಲೋಪ್ (ಸಾಮಾನ್ಯ ಆಟಗಾರನಿಗೆ ಮೈದಾನ ಎಷ್ಟು ಹೆಚ್ಚು ಕಠಿಣ ಎಂಬ ಅಳತೆ) 123 ಇದ್ದ ಮೈದಾನದಲ್ಲಿ, ನಾನು 83 ಹೊಡೆತಗಳಲ್ಲಿ ಆಟ ಮುಗಿಸಿದೆ. 83ರಿಂದ 71.2 ಕಳೆದು, ಪ್ರಮಾಣಿತ ಸ್ಲೋಪ್ ಆದ 113ರಿಂದ ಗುಣಿಸಿ, 123ರಿಂದ ಭಾಗಿಸಿದರೆ ಡಿಫರೆನ್ಷಿಯಲ್ (ಆ ಸುತ್ತಿನ ಆಟದ ಅಂಕ) 10.8 ಆಗುತ್ತದೆ, ಆ ದಿನದ ಹವಾಮಾನ, ಮೈದಾನದ ಸ್ಥಿತಿಗಾಗಿ ಯಾವ ಹೊಂದಾಣಿಕೆಯೂ ಇರಲಿಲ್ಲ. ಕೊನೆಯ 20 ಸುತ್ತುಗಳಲ್ಲಿ ಉತ್ತಮವಾದ 8 ಡಿಫರೆನ್ಷಿಯಲ್ ಅಂಕಗಳ ಸರಾಸರಿ ತೆಗೆದಾಗ ನನ್ನ ಹ್ಯಾಂಡಿಕ್ಯಾಪ್ 18.3ರಿಂದ 17.2ಕ್ಕೆ ಇಳಿಯಬೇಕಿತ್ತು, ಆದರೆ ದಾಖಲೆಯಲ್ಲಿ 16.2 ಎಂದಿದೆ.

ಹ್ಯಾಂಡಿಕ್ಯಾಪ್‌ಗಿಂತ ಡಿಫರೆನ್ಷಿಯಲ್ 7.0ರಿಂದ 9.9ರಷ್ಟು ಕಡಿಮೆ (ನನ್ನದು 7.5) ಬಂದ ಉತ್ತಮ ಆಟಕ್ಕೆ ಇನ್ನೊಂದು ಅಂಕ ಕಡಿತವಾಗುವ ನಿಯಮವೇ ಇದಕ್ಕೆ ಕಾರಣವೆಂದು ನನ್ನ ಊಹೆ. ಈ ಕಡಿತವನ್ನು ಹಳೆಯ 20 ಡಿಫರೆನ್ಷಿಯಲ್‌ಗಳಿಗೂ ಅನ್ವಯಿಸುತ್ತಾರೆಯೇ, ಹೊಸ ಸುತ್ತುಗಳು ಸೇರುತ್ತಾ ಹೋದಂತೆ ಅದು ತಾನಾಗಿ ಕರಗುತ್ತದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.