ಮಳೆಗಾಲ, ಕೆಂಡ, ಗ್ಯಾಸ್: ಅಗ್ನಿಶಾಮಕದವರನ್ನು ಕೇಳಿ

ಕುಶಾಲನಗರ: ಸರ್, ಗ್ಯಾಸ್ ಟ್ಯೂಬ್ ಎಷ್ಟು ವರ್ಷಕ್ಕೆ ಬದಲಾಯಿಸಬೇಕು?

ಅಗ್ನಿಶಾಮಕ: ಐಎಸ್‌ಐ ಗುರುತಿನ ಸುರಕ್ಷಾ ಟ್ಯೂಬ್ ಆದರೆ 5 ವರ್ಷ. ಇಸವಿ ಟ್ಯೂಬ್ ಮೇಲೇ ಇರುತ್ತೆ. ಬಿರುಕು ಬಿಟ್ಟಿದ್ದರೆ, ಇಲಿ ಕಚ್ಚಿದ್ದರೆ ಅವತ್ತೇ. ಸೋಪು ನೀರು ಹಚ್ಚಿ ನೋಡಿ, ಗುಳ್ಳೆ ಎದ್ದರೆ ಸೋರ್ತಿದೆ. ಕಡ್ಡಿ ಗೀರಿ ನೋಡೋದು ಬೇಡ.

ನಾಪೋಕ್ಲು: ಸರ್, ಮೂರು ವಾರದಿಂದ ಬಟ್ಟೆ ಒಣಗ್ತಿಲ್ಲ. ಅತ್ತೆಯ ಕೋಣೆಯಲ್ಲಿ ರಾತ್ರಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು, ಮೇಲೆ ಹಗ್ಗ ಕಟ್ಟಿ ಮಗುವಿನ ಬಟ್ಟೆ ಹಾಕ್ತೀವಿ. ಹಗ್ಗ ಎಷ್ಟು ಎತ್ತರ ಇರಬೇಕು? ಅತ್ತೆಗೆ ಬೆಳಿಗ್ಗೆ ತಲೆನೋವು, ವಾಕರಿಕೆ ಬೇರೆ. ಶೀತ ಇರಬೇಕು.

ಅಗ್ನಿಶಾಮಕ: ಹಗ್ಗದ ಮಾತು ಆಮೇಲೆ ಅಕ್ಕ. ಇವತ್ತು ರಾತ್ರಿ ಅಗ್ಗಿಷ್ಟಿಕೆ ಆ ಕೋಣೆಗೆ ಹೋಗಕೂಡದು. ಅದು ಶೀತ ಅಂತ ನನಗನ್ನಿಸಲ್ಲ. ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತೆ, ಬಣ್ಣವೂ ಇಲ್ಲ ವಾಸನೆಯೂ ಇಲ್ಲ. ಹೊಗೆ ನಿಂತು ಕೆಂಡ ಕೆಂಪಗಾದ ಮೇಲೆ ಒಳಗೆ ತರ್ತೀರಲ್ಲ, ಆಗಲೂ ಬರ್ತಾನೇ ಇರುತ್ತೆ. ಬೂದಿ ಮುಚ್ಚಿದರೂ ನಿಲ್ಲಲ್ಲ. ರಕ್ತ ಆಮ್ಲಜನಕವನ್ನು ಬಿಟ್ಟು ಅದನ್ನು 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತೆ. ನಿದ್ದೆಯಲ್ಲಿರೋರಿಗೆ ಎಚ್ಚರವೇ ಆಗಲ್ಲ. ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಕೋಣೆಯಲ್ಲಿ ಕೆಂಡ ಇಡ್ತಿದ್ವಿ ಅಂತ ಡಾಕ್ಟರಿಗೆ ಬಾಯಿ ಬಿಟ್ಟು ಹೇಳಿ. ಬೆರಳಿಗೆ ಹಾಕೋ ಆಕ್ಸಿಮೀಟರ್ ನಂಬಬೇಡಿ, ಈ ವಿಷ ಏರಿದ್ದರೂ ಅದು 98 ತೋರಿಸಬಹುದು. ಮಗು ಎಲ್ಲಿ ಮಲಗುತ್ತೆ?
ಬಟ್ಟೆ ಕೆಂಡದ ನೆತ್ತಿಗೆ ಬೇಡವೇ ಬೇಡ. ಒಣಗಿ ಹಗುರಾದ ಬಟ್ಟೆಯೇ ಜಾರಿ ಬೀಳೋದು, ನೈಲಾನ್ ಹಗ್ಗ ಬಿಸಿಗೆ ಕರಗುತ್ತೆ. ಚಿಮಣಿ ಇರೋ ಒಲೆಯಿಂದ 3 ಅಡಿ ಪಕ್ಕಕ್ಕೆ ಸ್ಟ್ಯಾಂಡ್ ಇಡಿ.

ವಿರಾಜಪೇಟೆ: ಅಜ್ಜಂದಿರ ಕಾಲದಿಂದ ಕೆಂಡ ಇಟ್ಟೇ ಮಲಗಿದ್ದು. ಯಾರೂ ಸತ್ತಿಲ್ಲ.

ಸೋಮವಾರಪೇಟೆ: ಆಗ ಹಂಚಿನ ಮನೆ ಅಣ್ಣ, ಸಂದಿಯಲ್ಲೆಲ್ಲ ಗಾಳಿ ಆಡ್ತಿತ್ತು. ಈಗ ತಾರಸಿ, ಚಳಿಗೆ ಗಾಜಿನ ಕಿಟಕಿ ಸಂದಿಗೂ ಟೇಪು.

ವಿರಾಜಪೇಟೆ: ಹಂಚಿನ ಮನೆ ಬಗ್ಗೆ ನಮಗೆ ಪಾಠ ಮಾಡ್ತೀರಾ?

ಸೋಮವಾರಪೇಟೆ: ಕೇಳೋರಿದ್ದರೆ ಮಾಡ್ತೀನಿ.

ಗೋಣಿಕೊಪ್ಪ: ಹೋಂಸ್ಟೇ ಅಡುಗೆಮನೆಯಲ್ಲಿ ಎಷ್ಟು ಸಿಲಿಂಡರ್ ಇಡಬಹುದು ಸರ್?

ನಾಪೋಕ್ಲು: ಮಗುವೂ ಅಲ್ಲೇ ಸರ್. ಜೀಪು ಬಂತು, ಇಬ್ಬರನ್ನೂ ಕರ್ಕೊಂಡು ಹೊರಟ್ವಿ.

ಅಗ್ನಿಶಾಮಕ: ಒಳ್ಳೇದು. ಜೀಪಿನ ಕಿಟಕಿ ತೆರೆದಿಡಿ.

ಪೊನ್ನಂಪೇಟೆ: ಫಾರ್ವರ್ಡ್: ಬಾಣಲೆಗೆ ಬೆಂಕಿ ಹತ್ತಿದರೆ ಮೈದಾ ಎರಚಿ, ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಹಚ್ಚಿ. ಎಲ್ಲರಿಗೂ ಕಳಿಸಿ!

ಅಗ್ನಿಶಾಮಕ: ಯಾರಿಗೂ ಕಳಿಸಬೇಡಿ. ಮೈದಾ ಪುಡಿಯೇ ಭಗ್ಗನೆ ಹತ್ತುತ್ತೆ. ನೀರು ಹೊಯ್ದರೆ ತಳದಲ್ಲಿ ಆವಿಯಾಗಿ ಉರಿಯೋ ಎಣ್ಣೆಯನ್ನು ಮಾಡಿಗೆ ಚಿಮ್ಮಿಸುತ್ತೆ. ಬರ್ನರ್ ಆರಿಸಿ, ದೊಡ್ಡ ತಟ್ಟೆ ಪಕ್ಕದಿಂದ ಜಾರಿಸಿ ಮುಚ್ಚಿ, ತಣಿಯೋವರೆಗೆ ತೆಗೀಬೇಡಿ. ಗಾಯಕ್ಕೆ ನಲ್ಲಿ ನೀರು, 20 ನಿಮಿಷ, ಅಷ್ಟೇ.

ಪೊನ್ನಂಪೇಟೆ: ನಾನು ಬರೆದದ್ದಲ್ಲ, ಬಂದದ್ದು ಹಾಕಿದೆ.

ಅಗ್ನಿಶಾಮಕ: ಅದೇ ತೊಂದರೆ.

ಸುಂಟಿಕೊಪ್ಪ: ಗ್ಯಾಸ್ ವಾಸನೆ ಬಂದರೆ ಎಕ್ಸಾಸ್ಟ್ ಫ್ಯಾನ್ ಹಾಕ್ಲಾ?

ಅಗ್ನಿಶಾಮಕ: ಬೇಡ, ಸ್ವಿಚ್ಚಿನ ಕಿಡಿ ಸಾಕು. ರೆಗ್ಯುಲೇಟರ್ ತೆಗೆದು, ದಾರದಲ್ಲಿ ನೇತಾಡೋ ಮುಚ್ಚಳವನ್ನು ವಾಲ್ವ್ ಮೇಲೆ ಟಕ್ ಅನ್ನೋ ಹಾಗೆ ಒತ್ತಿ. ಬಾಗಿಲು ತೆರೀರಿ, ಗ್ಯಾಸ್ ನೆಲ ಹಿಡಿದು ಹರಿಯುತ್ತೆ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಮೂರ್ನಾಡು: ಟ್ಯೂಬ್ ಎಷ್ಟು ವರ್ಷ ಬರುತ್ತೆ ಸರ್?

ಅಗ್ನಿಶಾಮಕ: ಮೇಲೆ ಓದಿ.

ವಿರಾಜಪೇಟೆ: ಕೇಳೋದಕ್ಕೇ ತಾನೇ ಗುಂಪು ಇರೋದು?

ಗೋಣಿಕೊಪ್ಪ: ನಾನೂ ಕೇಳಿದ್ದೆ. ಹೋಂಸ್ಟೇ, ಸಿಲಿಂಡರ್.