ಓದುಗರ ಸ್ಪಂದನ: ಪುಟ್ಟ ಮಕ್ಕಳಿಗೆ ಕಲಿಸಲು ಪದವಿ ಬೇಕೇ?

ಅರಕಲಗೂಡು ತಾಲ್ಲೂಕಿನ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಸಮಸ್ಯೆಯನ್ನು ಹೇಳಿಕೊಂಡಿದ್ದರು. ದ್ವಿತೀಯ ಪಿಯುಸಿ ಮುಗಿಸಿರುವ ಅವರಿಗೆ ಶಿಶು ಶಿಕ್ಷಣದಲ್ಲಿ ಪದವಿ ಪಡೆಯುವ ಆಸೆ. ಮನೆಯವರು ಮಾತ್ರ, “ಚಿಕ್ಕ ಮಕ್ಕಳನ್ನು ಆಡಿಸುವುದಕ್ಕೆ ಡಿಗ್ರಿ ಯಾಕೆ? ಬಿ.ಕಾಂ. ಸೇರು, ಬೇಕಿದ್ದರೆ ಆಮೇಲೆ ಬಿ.ಇಡಿ. ಮಾಡು” ಎನ್ನುತ್ತಿದ್ದಾರೆ. ಈ ನಡುವೆ ಖಾಸಗಿ ಸಂಸ್ಥೆಯೊಂದು ಒಂದು ವರ್ಷದ ಎನ್‌ಟಿಟಿ (ನರ್ಸರಿ ಶಿಕ್ಷಕರ ತರಬೇತಿ) ಕೋರ್ಸಿಗೆ ಸೇರುವಂತೆ ಕರೆಯುತ್ತಿದೆ. ಬಂದ ಉತ್ತರಗಳಲ್ಲಿ ಮೂರನ್ನು ಇಲ್ಲಿ ಕೊಟ್ಟಿದ್ದೇವೆ.

ಪ್ರೀತಿಯ ಸಹೋದರಿ,

ನಿಮ್ಮ ಮನೆಯವರ ಮಾತಿನ ಹಿಂದೆ ನಿಮ್ಮ ಭವಿಷ್ಯದ ಚಿಂತೆಯೇ ಇದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅವರ ಲೆಕ್ಕ ಒಂದು ಕಡೆ ತಪ್ಪಿದೆ. ಬಿ.ಇಡಿ. ಆದವರು ಯಾವ ತರಗತಿಗೆ ಬೇಕಾದರೂ ಪಾಠ ಮಾಡಬಹುದೆಂಬ ನಂಬಿಕೆ ನಮ್ಮ ಜಿಲ್ಲೆಯಲ್ಲಿ ಇಂದಿಗೂ ಗಟ್ಟಿಯಾಗಿದೆ. ಪ್ರಾಥಮಿಕ ಹಂತದ, ಅಂದರೆ ಒಂದರಿಂದ ಐದನೆಯ ತರಗತಿಯ ಶಿಕ್ಷಕರಿಗೆ ಬಿ.ಇಡಿ. ಸರಿಯಾದ ಅರ್ಹತೆಯಲ್ಲವೆಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ತೀರ್ಪು ನೀಡಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು, ಎಂದರೆ ಅಂಗನವಾಡಿಯಿಂದ ಎರಡನೆಯ ತರಗತಿಯವರೆಗಿನ ಕಲಿಕೆಯನ್ನು, ಒಂದೇ ಬುನಾದಿ ಹಂತವೆಂದು ಕಂಡಿದೆ. ಹೀಗಿರುವಾಗ ಬಿ.ಕಾಂ.ಗೆ ಮೂರು ವರ್ಷ, ಬಿ.ಇಡಿ.ಗೆ ಎರಡು ವರ್ಷ ಕಳೆದ ಮೇಲೂ ನೀವು ಕಲಿಸಬೇಕೆಂದಿರುವ ಮಕ್ಕಳ ಬಳಿಗೆ ಆ ದಾರಿ ನಿಮ್ಮನ್ನು ತಲುಪಿಸುವುದಿಲ್ಲ.

ಇನ್ನು, ಆಡಿಸುವುದಕ್ಕೆ ಓದು ಬೇಕೇ ಎಂಬ ಪ್ರಶ್ನೆ. ಮೂರೂವರೆ ವರ್ಷದ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ಪುಟಗಟ್ಟಲೆ ಅ, ಆ ತಿದ್ದಿಸಿದರೆ ತಂದೆತಾಯಿಗಳಿಗೆ ಸಮಾಧಾನವಾಗುತ್ತದೆ. ಆದರೆ ಆ ವಯಸ್ಸಿನಲ್ಲಿ ಮಣಿಕಟ್ಟಿನ ಎಂಟು ಮೂಳೆಗಳಲ್ಲಿ ಹೆಚ್ಚಿನವು ಇನ್ನೂ ಮೃದ್ವಸ್ಥಿಯಾಗಿಯೇ ಇರುತ್ತವೆ. ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ, ಬೇಗ ಕೈಸೋಲುತ್ತದೆ, ಕೊನೆಗೆ ಬರೆಯುವುದೆಂದರೆ ಅಳುತ್ತದೆ. ಅದೇ ಮಗುವಿನ ಮುಂದೆ ಒಂದು ಮೊರದಲ್ಲಿ ಹುಣಸೆಬೀಜ, ಅವರೆಕಾಳು, ಹುರುಳಿಕಾಳುಗಳನ್ನು ಬೆರೆಸಿಟ್ಟು, ಮೂರು ಬಟ್ಟಲುಗಳಿಗೆ ಬೇರೆಬೇರೆಯಾಗಿ ಹಾಕಲು ಹೇಳಿ ನೋಡಿ. ಹುಣಸೆಬೀಜವನ್ನು ಹೇಗೋ ಬಾಚಿಕೊಳ್ಳುತ್ತದೆ. ಹುರುಳಿಗೆ ಬಂದಾಗ ಹೆಬ್ಬೆರಳು, ತೋರುಬೆರಳುಗಳನ್ನು ಕೂಡಿಸದೆ ಬೇರೆ ದಾರಿಯಿಲ್ಲ. ಮುಂದೆ ಪೆನ್ಸಿಲ್ ಹಿಡಿಯಬೇಕಾದ ಬೆರಳುಗಳು ಅಲ್ಲಿ ಪಳಗುತ್ತವೆ, ವಿಂಗಡಿಸುವುದರ ಮೂಲಕ ಗಣಿತವೂ ಆರಂಭವಾಗುತ್ತದೆ. ಕಾಳನ್ನು ಮೂಗಿಗೋ ಬಾಯಿಗೋ ಹಾಕಿಕೊಳ್ಳದಂತೆ ಪಕ್ಕದಲ್ಲೇ ಕುಳಿತು ನೋಡುತ್ತಾ, ಯಾವ ಮಗು ಯಾವ ಬೆರಳನ್ನು ಬಳಸುತ್ತಿಲ್ಲ, ಅದಕ್ಕೆ ನಾಳೆ ಜೇಡಿಮಣ್ಣು ಕೊಡಬೇಕೇ ಅಥವಾ ಮಣಿ ಪೋಣಿಸಲು ಕೊಡಬೇಕೇ ಎಂದು ನಿರ್ಧರಿಸುವುದು ಕಲಿತವರಿಂದ ಮಾತ್ರ ಆಗುವ ಕೆಲಸ. ಗುಜರಾತಿನ ಗಿಜುಭಾಯಿ ಬಧೇಕಾ ಅವರು ವಕೀಲಿ ವೃತ್ತಿಯನ್ನೇ ಬಿಟ್ಟು ಬಂದು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವೆಂಬ ಶಿಶುಶಾಲೆಯನ್ನು ಕಟ್ಟಿದರು. ಈ ಸಂಗತಿಯನ್ನು ನಿಮ್ಮ ತಂದೆಯವರಿಗೆ ಅವಶ್ಯವಾಗಿ ತಿಳಿಸಿ.

ಪಿಯುಸಿ ನಂತರದ ದಾರಿಗಳು ಹಲವಿವೆ. ನಾಲ್ಕು ವರ್ಷದ ಸಮಗ್ರ ಶಿಕ್ಷಕ ಶಿಕ್ಷಣ ಕಾರ್ಯಕ್ರಮ, ಅಂದರೆ ಐಟಿಇಪಿಯಲ್ಲಿ ಬುನಾದಿ ಹಂತಕ್ಕೆಂದೇ ಪ್ರತ್ಯೇಕ ವಿಭಾಗವಿದೆ; ಅದಕ್ಕೆ ಎನ್‌ಸಿಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಊರಿಗೆ ಹತ್ತಿರವೇ ಇರಬೇಕೆಂದರೆ ನಮ್ಮ ಜಿಲ್ಲೆಯ ಹೊಳೆನರಸೀಪುರದಲ್ಲಿ ಸರ್ಕಾರಿ ಗೃಹವಿಜ್ಞಾನ ಮಹಿಳಾ ಕಾಲೇಜಿದೆ. ಮಗುವಿನ ಬೆಳವಣಿಗೆ, ಆಹಾರ, ಕುಟುಂಬ ಇವೆಲ್ಲವನ್ನೂ ಒಟ್ಟಿಗೆ ಓದಿಸುವ ಗೃಹವಿಜ್ಞಾನದ ಪದವಿ ಈ ಕ್ಷೇತ್ರಕ್ಕೆ ಒಳ್ಳೆಯ ತಳಹದಿಯೆಂದು ನಾನು ದೃಢವಾಗಿ ನಂಬಿದ್ದೇನೆ. ಎರಡು ವರ್ಷದ ಡಿಪಿಎಸ್‌ಇ, ಅಂದರೆ ಶಾಲಾಪೂರ್ವ ಶಿಕ್ಷಣದ ಡಿಪ್ಲೊಮಾ, ಇನ್ನೊಂದು ದಾರಿ. ಕೆಲಸ ಮಾಡುತ್ತಲೇ ಓದುವವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಶಿಶು ಪಾಲನೆ ಮತ್ತು ಶಿಕ್ಷಣ ಡಿಪ್ಲೊಮಾ ಇದೆ. ನಿಮ್ಮನ್ನು ಕರೆಯುತ್ತಿರುವ ಸಂಸ್ಥೆಯ ಹೆಸರು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) ಮಾನ್ಯತಾ ಪಟ್ಟಿಯಲ್ಲಿ ಇದೆಯೇ ಎಂದು ನೋಡದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.

– ನಿವೃತ್ತ ಉಪನ್ಯಾಸಕಿ, ಹಾಸನ

ತಂಗಿ,

ನಾನು ಮೂಡಿಗೆರೆ ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆ. ನಮ್ಮ ಕೇಂದ್ರಕ್ಕೆ ಬರುವವರಲ್ಲಿ ಕಾಫಿ ತೋಟದ ಲೈನ್ ಮನೆಗಳ ಮಕ್ಕಳೇ ಹೆಚ್ಚು. ಕೆಲವರ ಮನೆಮಾತು ಕನ್ನಡ, ಕೆಲವರದು ತುಳು, ತಮಿಳು. ಈಚೆಗೆ ಅಸ್ಸಾಮಿನಿಂದ ಕೂಲಿಗೆ ಬಂದವರ ಮಕ್ಕಳೂ ಸೇರಿದ್ದಾರೆ. ಹಾಗೆ ಬಂದ ಒಬ್ಬ ಹುಡುಗ ಬಾಗಿಲ ಪಕ್ಕದ ಮೂಲೆಯಲ್ಲಿ ಚೀಲವನ್ನು ಅಪ್ಪಿಕೊಂಡು ಕುಳಿತಿರುತ್ತಿದ್ದನೇ ಹೊರತು ಒಂದು ಮಾತೂ ಆಡುತ್ತಿರಲಿಲ್ಲ. ಮಗು ಮಂಕಾಗಿದೆ ಎಂದು ಸುತ್ತಲಿನವರು ಹೇಳತೊಡಗಿದರು. ನನಗೆ ಹಾಗೆ ಅನ್ನಿಸಲಿಲ್ಲ, ಏಕೆಂದರೆ ಅಭಿನಯಗೀತೆ ಹಾಡುವಾಗ ಅವನ ಕೈಗಳು ಮಡಿಲಲ್ಲೇ ಸಣ್ಣಗೆ ಆಡುತ್ತಿದ್ದವು. ಅವನ ತಾಯಿಯಿಂದ ನೀರು, ಅನ್ನ, ಬಾ, ಅಮ್ಮ ಎನ್ನುವ ಮಾತುಗಳನ್ನು ಅವರ ಭಾಷೆಯಲ್ಲೇ ಕೇಳಿ ಬರೆದಿಟ್ಟುಕೊಂಡು, ಕನ್ನಡದ ಜೊತೆ ಅವುಗಳನ್ನೂ ಆಡತೊಡಗಿದೆ. ಮಗು ಮೂಲೆ ಬಿಟ್ಟು ಚಾಪೆಗೆ ಬಂತು. ಮೌನವಾಗಿರುವ ಮಗುವಿಗೆ ಭಾಷೆಯ ತೊಡಕೋ, ಕಿವಿಯ ತೊಂದರೆಯೋ, ಬೆಳವಣಿಗೆಯಲ್ಲಿ ಹಿನ್ನಡೆಯೋ ಎಂದು ಬೇಗ ಗುರುತಿಸಲು ಸರಿಯಾದ ಓದು ಎಷ್ಟು ಸಹಾಯಕವೆಂಬುದು ಇಂತಹ ಮಕ್ಕಳ ಜೊತೆ ಇರುವವರಿಗೆ ಗೊತ್ತು.

ಈ ಕೆಲಸದ ಕಷ್ಟವನ್ನೂ ನೀವು ಮೊದಲೇ ತಿಳಿದಿರಬೇಕು. ನಮಗೆ ಸಿಗುವುದು ಗೌರವಧನ, ಸಂಬಳವಲ್ಲ. ಗ್ರಾಚ್ಯುಟಿಗೆ ನಾವು ಅರ್ಹರೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ, ಅಂದರೆ 1975ರಲ್ಲಿ ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆ ಆರಂಭವಾಗಿ ನಾಲ್ಕು ದಶಕ ಕಳೆದ ಮೇಲೆ. ತೂಕ ನೋಡುವುದು, ಪೌಷ್ಟಿಕ ಆಹಾರ ಹಂಚುವುದು, ಮೊಬೈಲಿನಲ್ಲಿ ವಿವರ ತುಂಬುವುದು ಇವೆಲ್ಲ ಮುಗಿದು ಉಳಿದ ಹೊತ್ತಿನಲ್ಲಿ ಶಾಲಾಪೂರ್ವ ಶಿಕ್ಷಣ ನಡೆಯಬೇಕು. ಮೂರರಿಂದ ಆರು ವರ್ಷದ ಇಪ್ಪತ್ತು ಮಕ್ಕಳಿಗೆ ಒಬ್ಬರು ಇರಬೇಕೆಂದು 2013ರ ರಾಷ್ಟ್ರೀಯ ಶಿಶು ಪಾಲನೆ ಮತ್ತು ಶಿಕ್ಷಣ ನೀತಿ ಹೇಳುತ್ತದೆ. ಅದನ್ನು ಪಾಲಿಸಬೇಕಾದರೆ ತರಬೇತಿ ಪಡೆದ ನಿಮ್ಮಂಥವರು ಇನ್ನೂ ಎಷ್ಟೋ ಮಂದಿ ಬೇಕು. ಕಾಲೇಜು ಸೇರುವ ಮೊದಲು ನಿಮ್ಮ ಊರಿನ ಅಂಗನವಾಡಿಯಲ್ಲಿ ಕೆಲವು ದಿನ ಬೆಳಗಿನಿಂದ ಮಕ್ಕಳು ಮನೆಗೆ ಹೋಗುವವರೆಗೂ ಕುಳಿತು ನೋಡಿ. ಆಮೇಲೂ ಮನಸ್ಸು ಅಲ್ಲೇ ನಿಂತರೆ ಯಾರ ಮಾತಿಗೂ ಹಿಂಜರಿಯಬೇಡಿ.

– ಅಂಗನವಾಡಿ ಕಾರ್ಯಕರ್ತೆ, ಮೂಡಿಗೆರೆ ತಾಲ್ಲೂಕು

ಮಾನ್ಯರೇ,

ಹೆಣ್ಣುಮಗಳೊಬ್ಬಳ ತಂದೆಯಾಗಿ ನಾನು ಮನೆಯವರ ಆತಂಕವನ್ನು ಬಲ್ಲೆ. ಖಾಸಗಿ ನರ್ಸರಿ ಶಾಲೆಗಳು ಕೊಡುವ ಸಂಬಳ ಕಡಿಮೆ ಎಂಬುದು ನಿಜ. ಆದ್ದರಿಂದಲೇ ಡಿಪ್ಲೊಮಾಕ್ಕೆ ನಿಲ್ಲದೆ ಪದವಿಯನ್ನೇ ಪಡೆಯಬೇಕೆಂಬುದು ನನ್ನ ಸಲಹೆ. ಅಂಗನವಾಡಿ ಮೇಲ್ವಿಚಾರಕಿಯಂತಹ ಹುದ್ದೆಗಳಿಗೆ ಅರ್ಜಿ ಹಾಕಲು ಪದವಿ ಬೇಕು. ನಮ್ಮ ಚಿಕ್ಕಮಗಳೂರಿನ ದೊಡ್ಡ ಕಾಫಿ ತೋಟಗಳಲ್ಲಿ ಕಾರ್ಮಿಕರ ಮಕ್ಕಳಿಗೆ ಶಿಶುವಿಹಾರ ಇರಬೇಕೆಂಬ ನಿಯಮ 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ಉದ್ಯೋಗ ಖಾತ್ರಿ ಯೋಜನೆಯಲ್ಲಿ ದುಡಿಯುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳೂ ಬಂದಿವೆ. ಹೀಗೆ ಈ ವಿದ್ಯೆಯ ಅಗತ್ಯ ಹಳ್ಳಿಗಳಲ್ಲಿಯೂ ಇದೆ ಎಂಬುದನ್ನು ನಿಮ್ಮ ತಂದೆಯವರ ಬಳಿ ಸಮಾಧಾನವಾಗಿ ಮಾತನಾಡಿ. ಜೊತೆಗೆ, ಯಾವ ಸಂಸ್ಥೆ ಕೇಳಿದರೂ ಮೂಲ ಅಂಕಪಟ್ಟಿಯನ್ನು ಬಿಟ್ಟು ಬರಬೇಡಿ. ತೋರಿಸಿ, ನಕಲು ಪ್ರತಿ ಕೊಟ್ಟು, ಮೂಲವನ್ನು ವಾಪಸ್ ತೆಗೆದುಕೊಳ್ಳಿ. ಮುಂದೆ ಬೇರೆ ಕಾಲೇಜಿನಲ್ಲಿ ಸೀಟು ಸಿಕ್ಕಿದಾಗ ಅದಕ್ಕಾಗಿ ಅಲೆಯುವುದು ತಪ್ಪುತ್ತದೆ.

– ಕಾಫಿ ಬೆಳೆಗಾರರು, ಚಿಕ್ಕಮಗಳೂರು