ಸಹಾಯ ಬೇಕು: ಎಫ್-150 ಪಿಕಪ್‌ಗೆ 3.31 ಆಕ್ಸಲ್ ಸಾಕಾ, 3.73 ಬೇಕಾ?

ಎಲ್ಲರಿಗೂ ನಮಸ್ಕಾರ. ನಾವಿರೋದು ಡೆನ್ವರ್‌ನಲ್ಲಿ. ಹಳೇ ಫೋರ್ಡ್ ಎಫ್-150 ಪಿಕಪ್ ತಗೊಳ್ಳೋಣ ಅಂತ ಹುಡುಕಿ ಹುಡುಕಿ ಕೊನೆಗೆ ಎರಡು ಗಾಡಿ ಉಳಿದಿವೆ. ಎರಡಕ್ಕೂ 3.5 ಲೀಟರ್ ಇಕೋಬೂಸ್ಟ್ (ಟರ್ಬೊ) ಇಂಜಿನ್, 10 ಗೇರ್. ವ್ಯತ್ಯಾಸ ಇರೋದು ಹಿಂದಿನ ಆಕ್ಸಲ್‌ನಲ್ಲಿ ಮಾತ್ರ. ಬಾಗಿಲ ಪಕ್ಕದ ಸ್ಟಿಕರ್ ಮೇಲಿನ ಆಕ್ಸಲ್ ಕೋಡ್ ಬಗ್ಗಿ ನೋಡಿ ಬರೆದುಕೊಂಡು ಬಂದೆ. ಒಂದರ ಆಕ್ಸಲ್ ಅನುಪಾತ 3.31 (ಅಂದ್ರೆ ಚಕ್ರ ಒಂದು ಸುತ್ತು ತಿರುಗೋಕೆ ಡ್ರೈವ್ ಶಾಫ್ಟ್ 3.31 ಸುತ್ತು ತಿರುಗಬೇಕು), ಇನ್ನೊಂದರದು 3.73.

ವಾರವಿಡೀ ಖಾಲಿ ಗಾಡಿಯಲ್ಲೇ ಆಫೀಸಿಗೆ ಓಡಾಟ. ಬೇಸಿಗೆಯಲ್ಲಿ ಮಾತ್ರ ಐದಾರು ಸಲ ಕ್ಯಾಂಪರ್ (ಒಳಗೆ ಮಲಗುವಂಥ ಟ್ರೇಲರ್) ಎಳೆಯಬೇಕು. ಸಾಮಾನು, ನೀರು ಎಲ್ಲಾ ಸೇರಿ 6,500 ಪೌಂಡ್. ಐ-70 ಹೆದ್ದಾರಿಯಲ್ಲಿ ಐಸೆನ್‌ಹೋವರ್ ಸುರಂಗದವರೆಗೆ 11,000 ಅಡಿ ಎತ್ತರಕ್ಕೆ ಹತ್ತಬೇಕು, ಇಳಿಯುವಾಗಲೂ ಅಷ್ಟೇ ಕಡಿದು. ಮಕ್ಕಳು ಜೊತೆಗಿರ್ತಾರೆ, ಅದಕ್ಕೇ ಇಷ್ಟು ಯೋಚನೆ.

ಯಾವ ಗಾಡಿ ಎಷ್ಟು ಭಾರ ಎಳೆಯಬಹುದು ಅಂತ ಹೇಳೋ ಕಂಪನಿಯ ಟೋಯಿಂಗ್ ಗೈಡ್ ನೋಡಿದೆ. ಎರಡೂ ಇಷ್ಟು ಭಾರ ಎಳೆಯುತ್ತವೆ. ಲೆಕ್ಕನೂ ಹಾಕಿದೆ: ಅದೇ ಗೇರ್‌ನಲ್ಲಿ 3.73 ಚಕ್ರಕ್ಕೆ ಸುಮಾರು ಶೇಕಡಾ 13ರಷ್ಟು ಜಾಸ್ತಿ ಟಾರ್ಕ್ (ತಿರುಗಿಸೋ ಬಲ) ಕೊಡುತ್ತೆ. 65 ಮೈಲಿ ವೇಗದಲ್ಲಿ 10ನೇ ಗೇರ್‌ನಲ್ಲಿ ಇಂಜಿನ್ ನಿಮಿಷಕ್ಕೆ ಸುಮಾರು 180 ಸುತ್ತು (ಆರ್‌ಪಿಎಂ) ಜಾಸ್ತಿ ತಿರುಗುತ್ತೆ. ಇಲ್ಲಿವರೆಗೆ ಅರ್ಥವಾಯ್ತು.

ಗೊಂದಲ ಇರೋದು ಇಲ್ಲಿ. ಒಟ್ಟು ಹತ್ತು ಗೇರ್ ಇರುವಾಗ, ಏರಿನಲ್ಲಿ 3.31 ಗಾಡಿ ಒಂದು ಗೇರ್ ಇಳಿಸಿಕೊಂಡರೆ ಆ ಕೊರತೆ ತುಂಬುತ್ತೆ ಅಲ್ವಾ? ಹಾಗಿದ್ರೆ 3.73ಗೆ ಸುಮ್ನೆ ಪೆಟ್ರೋಲ್ ಯಾಕೆ ಸುಡಬೇಕು? ಅಥವಾ ಪದೇ ಪದೇ ಗೇರ್ ಬದಲಾಗಿ ಗೇರ್‌ಬಾಕ್ಸ್ ಬಿಸಿಯಾಗುತ್ತಾ?

ಇದೇ ಇಂಜಿನ್‌ನಲ್ಲಿ ಘಾಟಿ ರಸ್ತೆಯಲ್ಲಿ ಟ್ರೇಲರ್ ಎಳೆದವರು ದಯವಿಟ್ಟು ಹೇಳಿ: ನನ್ನ ಬಳಕೆಗೆ ಯಾವುದು ತಗೊಳ್ಳಲಿ? ಖಾಲಿ ಓಡಿಸುವಾಗ ನಿಮಗೆ ಮೈಲೇಜ್ ಎಷ್ಟು ಬರ್ತಿದೆ?